ಟಿಕೆಟ್ಟು ಎಷ್ಟು

ಮುಗಿದ ತಿಂಗಳ ಕ್ಯಾಲೆಂಡರ್ ಹಾಳೆ ಹರಿದು
ಬೆನ್ನು ಮೇಲಾಗಿ ನೆಲಕ್ಕೆ ಹಾಸಿದ್ದಾರೆ ಇವರು.
ತಟ್ಟೆ ಇನ್ನೂ ಎತ್ತಿಲ್ಲ.
ಒಂದು ಮೂಲೆಗೆ ಉಪ್ಪಿನಕಾಯಿ ಬಾಟಲು ಭಾರ,
ಇನ್ನೊಂದಕ್ಕೆ ರವಿಕೆ ಕತ್ತರಿಸುವ ನನ್ನ ಕತ್ತರಿ.
ಕ್ಯಾತಮಾರನಹಳ್ಳಿಯ ಈ ಹನ್ನೊಂದಡಿ ಹಾಲಿನಿಂದ
ಊಟಿಗೆ ಗೆರೆ ಹೊರಟಿದೆ.

ಇಪ್ಪತ್ತೆಂಟು ವರ್ಷ ಟೂರಿಸ್ಟ್ ಕಾರು ಓಡಿಸಿದ ಕೈ.
ನಂಜನಗೂಡು ಬರೆಯುವಾಗ ಪೆನ್ನು ನಿಧಾನವಾಯಿತು,
ಹಂಪ್ ಇದೆಯಂತೆ.

"ನಾಲ್ಕೂವರೆಗೆ ಬಿಡಬೇಕು ಕನಮ್ಮಿ.
ಆರಕ್ಕೆ ಕಾಡಿನ ಗೇಟು ತೆಗೀತಾರೆ,
ಮೊದಲನೇ ಹತ್ತು ಗಾಡೀಲಿ ನಾವಿರಬೇಕು.
ಆನೆ ಕಂಡ್ರೆ ಹಾರನ್ ಮಾಡಂಗಿಲ್ಲ.
ನಿನ್ ತಂಗಿಗೆ ಹೇಳು, ಕಿರುಚಂಗೂ ಇಲ್ಲ."

ಗುಂಡ್ಲುಪೇಟೆಯಲ್ಲಿ ಯಾರ ಇಡ್ಲಿ ಮೆತ್ತಗೆ,
ಹೆಂಗಸರ ಕಕ್ಕಸಿಗೆ ಚಿಲಕ ಬೀಳುವ ಬಂಕು ಯಾವುದು,
ಮೂವತ್ತಾರು ತಿರುವಿನಲ್ಲಿ
ಎಷ್ಟನೆಯದಕ್ಕೆ ಮಕ್ಕಳು ವಾಂತಿ ಮಾಡುತ್ತವೆ,
ಎಲ್ಲ ಬಾಯಿಪಾಠ.
(ಹತ್ತೊಂಬತ್ತನೆಯದಕ್ಕೆ.)

ಕಾರು ಓನರು ನಾಗೇಂದ್ರಪ್ಪನವರದು.
ಎರಡು ದಿನಕ್ಕೆ ಬಾಡಿಗೆ ಬೇಡ, ಡೀಸೆಲ್ ತುಂಬಿಸಿ ಕೊಡು,
ಸೀಟಿಗೆ ಎಣ್ಣೆ ಕಲೆ ಆಗದಿದ್ದರೆ ಸಾಕು ಅಂದರಂತೆ.
ಹಾಗಾಗಿ ಚಿತ್ರಾನ್ನ ರದ್ದು.
ಚಪಾತಿ, ಚಟ್ನಿಪುಡಿ, ಅತ್ತೆಗೆ ಎರಡು ನಿಂಬೆಹಣ್ಣು,
ಎಡಗಡೆ ಕಿಟಕಿ.
ಅದನ್ನೂ ಬರೆದುಕೊಂಡರು.

ಮಗಳು ವಿನುತ ಹೊಟ್ಟೆಯಡಿ ಮಲಗಿ ಕೇಳುತ್ತಾಳೆ:
"ಅಪ್ಪ, ಗುಲಾಬಿ ತೋಟ ಹೆಂಗದೆ?"
"ನಲವತ್ತು ಗಾಡಿ ಆರಾಮಾಗಿ ನಿಲ್ತವೆ. ನೆರಳದೆ."
"ಬೋಟಿಂದು?"
"ಅದು ಇಳಿಜಾರು. ಚಕ್ರಕ್ಕೆ ಕಲ್ಲು ಕೊಡ್ಬೇಕು."
"ದೊಡ್ಡಬೆಟ್ಟ?"
"ಚಳಿ. ಗಾಡಿ ತಾವ್ಕೇ ಟೀ ತರ್ತಿದ್ದ ಒಬ್ಬ ಹುಡುಗ,
ಈಗ ಅವನ್ಗೂ ಮದ್ವೆ ಆಗದೆ."

"ಮೇಲಿಂದ ಏನ್ ಕಾಣ್ತದಪ್ಪ?"

ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು.
ಫ್ಯಾನಿಗೆ ಹಾಳೆಯ ಮೂರನೇ ಮೂಲೆ
ಎದ್ದು ಬಿದ್ದು ಮಾಡುತ್ತಿತ್ತು.

ಪ್ರತಿ ಸಲ ತರುತ್ತಿದ್ದರು
ಎಣ್ಣೆ ಜಿಡ್ಡಿನ ಪೊಟ್ಟಣದಲ್ಲಿ ವರ್ಕಿ,
ಸೊಪ್ಪು ಸಮೇತ ಕ್ಯಾರೆಟ್ ಕಟ್ಟು,
ಮಣ್ಣು ಇನ್ನೂ ತಣ್ಣಗಿರುತ್ತಿತ್ತು.
ನಾನು ಅದನ್ನೇ ಊಟಿ ಅಂದುಕೊಂಡಿದ್ದೆ.
ಇವರೂ.

ಅತ್ತೆ ಗೋಡೆಗೆ ಒರಗಿದಲ್ಲಿಂದಲೇ ಅಂದರು,
"ಎಲ್ರೂ ಒಳಿಕ್ಕೋದ್ರೆ ಗಾಡಿ ಕಾಯೋರ್ಯಾರು?"
"ನಾನಿರ್ತೀನಲ್ಲವ್ವ," ಅಂದುಬಿಟ್ಟರು ಇವರು
ಬೆನ್ನು ತುರಿಸಿಕೊಳ್ಳುವಷ್ಟು ಸಲೀಸಾಗಿ.

ಆಗ ನೋಡಿದೆ ಹಾಳೆಯ ಕೆಳಗಡೆ ಖರ್ಚಿನ ಪಟ್ಟಿ.
ಡೀಸೆಲ್ಲು. ರೂಮು. ಟೋಲು.
ಟಿಕೆಟ್ಟು: ೪.
ಇರುವುದು ಐದು ಜನ.

ಟ್ರಿಪ್ ಶೀಟಿನಲ್ಲಿ ಡ್ರೈವರನ್ನು ಎಣಿಸುವುದಿಲ್ಲ, ಗೊತ್ತು.
ಹಾಗೆ ಬರೆದವರ ಮೇಲೆ ಸಿಟ್ಟು ಮಾಡಲೂ ಆಗದು,
ಬರೆದವರು ಚಪಾತಿಗೆ ಚಟ್ನಿಪುಡಿ ನೆನಪಿಟ್ಟವರು.
ಪೆನ್ನು ಕಿತ್ತುಕೊಂಡೆ.
ನಮ್ಮ ಅಂಕಿ ಎಷ್ಟು ಒಳ್ಳೆಯದು,
ಹೊಡೆದುಹಾಕಬೇಕಾಗಿಲ್ಲ.
ನಾಲ್ಕರ ಬಲಗಡೆಗೆ ಒಂದು ಸಣ್ಣ ಮಡಿಕೆ ಕೊಟ್ಟರೆ ಐದು,
ಸೊಂಟದ ಹತ್ತಿರ ನೆರಿಗೆ ಹಿಡಿದಂತೆ.

"ಗಾಡಿಗೆ ಬೀಗ ಅದೆಯಲ್ಲ," ಅಂದೆ.
"ಕೀ ನನ್ ಪರ್ಸಲ್ಲಿರ್ಲಿ."

ಇವರು ಆ ಐದನ್ನು ಸ್ವಲ್ಪ ಹೊತ್ತು ನೋಡಿದರು,
ಹೊಸ ಹಂಪ್ ನೋಡಿದಂತೆ.
"ಒಳಗೆ ಎಷ್ಟೊತ್ತಾಯ್ತದೋ,
ನಂಗೇನೂ ಅಂದಾಜಿಲ್ಲ ಕನಮ್ಮಿ."

"ನಿಮ್ಗಲ್ದೆ ಇನ್ಯಾರ್ಗದೆ?
ಅಷ್ಟು ವರ್ಷ ಹೊರಗೆ ಗಡಿಯಾರ ನೋಡ್ಕೊಂಡು ಕುಂತಿದ್ರಲ್ಲ."

ತುಟಿಯಲ್ಲೇ ಎಣಿಸಿದರು.
ತೋಟಕ್ಕೆ ಎರಡು ಗಂಟೆ, ಬೋಟಿಗೆ ಒಂದೂವರೆ,
ಬೆಟ್ಟಕ್ಕೆ ಮುಕ್ಕಾಲು,
ಹೊಸದಾಗಿ ಮದುವೆಯಾದವರಿದ್ದರೆ ಇನ್ನೂ ಅರ್ಧ.
ಬರೆದರು. ಪಕ್ಕದಲ್ಲಿ ಕೈ ತಾನಾಗಿ ವೇಟಿಂಗ್ ಅಂತ ಶುರುಮಾಡಿ
ವೇ ವರೆಗೆ ಬಂದು
ನಿಂತಿತು.